ನಿರ್ದೇಶಕರನ್ನು ಹಿಡಿಯುವ ಪ್ರಮೇಯ

ಒಬ್ಬನನ್ನು ನಾಲ್ವರು ಸುತ್ತುವರಿದು ಬೆನ್ನಟ್ಟಿದರೆ, ಐವರ ವೇಗವೂ ಸಮನಾಗಿದ್ದಲ್ಲಿ, ನೆಲ ಎಷ್ಟೇ ಜಾರುತ್ತಿದ್ದರೂ ಆ ಒಬ್ಬ ಸಿಕ್ಕೇ ಸಿಗುತ್ತಾನೆ. ಇದನ್ನು ಉರಾಲ್ ಸೀಮೆಯ ನಮ್ಮ ಗಣಿತ ಸಂಸ್ಥೆಯ ಬೆನ್ನಟ್ಟುವಿಕೆ ವಿಭಾಗದ ರಿಮ್ಮಾ ಫದೇಯೆವ್ನಾ ಹನ್ನೊಂದು ವರ್ಷ ಕೂತು ಸಾಧಿಸಿದ್ದಾರೆ. ನಾನು ಆ ವಿಭಾಗದ ಗುಮಾಸ್ತ. ಅವರ ಪ್ರಬಂಧದ ಪ್ರತಿ ಪುಟಕ್ಕೂ ಮೊಹರು ಒತ್ತಿದವನು.

ಪ್ರಬಂಧ ಶುಕ್ರವಾರ ಸಂಜೆ ನಾಲ್ಕರ ಟಪಾಲಿನಲ್ಲಿ ಮಾಸ್ಕೋಗೆ ಹೊರಡಬೇಕಿತ್ತು. ತಪ್ಪಿದರೆ ರಿಮ್ಮಾಗೆ ಡಾಕ್ಟರೇಟ್ ಇಲ್ಲ. ಮತ್ತೆ ಓನಾಮದಿಂದ ಶುರು. ಬೇಕಿದ್ದುದು ನಿರ್ದೇಶಕರ ಒಂದೇ ಒಂದು ಸಹಿ. ಆದರೆ ನಿರ್ದೇಶಕ ಇನ್ನೊಕೆಂತಿ ಜೊಸಿಮೊವಿಚ್ ಮೂವತ್ತು ವರ್ಷದಿಂದ ಯಾವ ಕಾಗದದ ಕೈಗೂ ಸಿಕ್ಕವರಲ್ಲ. ಮುಂಬಾಗಿಲಲ್ಲಿ ಕಾಗದ ಕಂಡರೆ ಹಿಂಬಾಗಿಲಲ್ಲಿ ಮಾಯ. ಆಡಳಿತಾನುಭವ ಎಂದರೆ ಅದೇ.

ಗುರುವಾರ ವಿಭಾಗದ ನಾಲ್ವರು ಗಣಿತಜ್ಞರೂ ಪ್ರಮೇಯದ ಪ್ರಕಾರವೇ ನಾಲ್ಕು ದಿಕ್ಕಿನಿಂದ ಓಡಿ, ಊಟದ ಮನೆಯಲ್ಲಿ ಎಲೆಕೋಸಿನ ಸಾರಿನ ಮುಂದೆ ಅವರನ್ನು ಹಿಡಿದರು.

"ಸಿಕ್ಕಿದ್ರಲ್ಲ! ಹಾಕಿ ಸಹಿ," ಎಂದರು ರಿಮ್ಮಾ.

ನಿರ್ದೇಶಕರು ಪ್ರಬಂಧದ ಏಳನೇ ಪುಟ ತೆರೆದರು. "ಐವರ ವೇಗವೂ ಸಮ ಅಂತ ನೀವೇ ಬರೆದಿದ್ದೀರಿ, ರಿಮ್ಮಾ ಫದೇಯೆವ್ನಾ. ನನಗೆ ಮಂಡಿನೋವು, ನಡ್ಕೊಂಡು ಬಂದೆ. ನೀವು ಓಡಿ ಬಂದ್ರಿ. ಇದು ಹಿಡಿದ ಹಾಗಾಯ್ತಾ?"

"ಹಾಗಾದ್ರೆ ನಾವೂ ನಿಧಾನ ನಡೀತೀವಿ."

"ಬೆನ್ನಟ್ಟುವಿಕೆ ವಿಭಾಗ ನಡ್ಕೊಂಡು ಬೆನ್ನಟ್ಟಿತು ಅಂದ್ರೆ ಮಾಸ್ಕೋದವರು ನಗಲ್ವಾ?"

ವಿಭಾಗದ ಹಿರಿಯ ಅವೆನೀರ್ ಲುಕಿಚ್ ಟೋಪಿ ತೆಗೆದು, "ನಗ್ತಾರೆ," ಎಂದರು. ಅವರದು ನ್ಯಾಯವಾದ ಮನಸ್ಸು. ನನಗೆ ಅವರನ್ನು ಕಂಡರೆ ಆಗುವುದಿಲ್ಲ.

ಕೂಡಲೇ ನಿರ್ದೇಶಕರ ಕಚೇರಿಯಿಂದ ಸುತ್ತೋಲೆ ಹೊರಟಿತು: "ನಿರ್ದೇಶಕರು ಪ್ರಮೇಯದ ಷರತ್ತಿಗನುಗುಣವಾದ ವೇಗ ಹೊಂದುವವರೆಗೆ ಸದರಿಯವರನ್ನು ಹಿಡಿಯುವುದನ್ನು ನಿಷೇಧಿಸಲಾಗಿದೆ. ಸದರಿ ವೇಗವನ್ನು ಒದಗಿಸುವ ಹೊಣೆ ಬೆನ್ನಟ್ಟುವಿಕೆ ವಿಭಾಗದ್ದು. ನಿರ್ದೇಶಕರ ಮಂಡಿಯನ್ನು ಇಂದಿನಿಂದ ಸಂಸ್ಥೆಯ ಉಪಕರಣವೆಂದು ಪರಿಗಣಿಸತಕ್ಕದ್ದು."

ಶುಕ್ರವಾರ ಬೆಳಗಿನಿಂದ ಹಿಮ ತುಂಬಿದ ಅಂಗಳದಲ್ಲಿ ನಾಲ್ವರೂ ಅವರಿಗೆ ಓಡುವುದನ್ನು ಕಲಿಸಿದರು. ಮಂಡಿಗೆ ಬಾತುಕೋಳಿಯ ಕೊಬ್ಬು ತಿಕ್ಕಿದರು. ಅವೆನೀರ್ ಲುಕಿಚ್ ಮುಂದೆ ಓಡಿ ತೋರಿಸಿದರು. ರಿಮ್ಮಾ ಸ್ಟಾಪ್‌ವಾಚು ಹಿಡಿದು ನಿಂತರು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ನಿರ್ದೇಶಕರು ಹಿಮದಲ್ಲೇ ಕುಸಿದು ಕೂತರು. "ಸಾಕು, ತಾಯಿ. ಪೆನ್ನು ಕೊಡಿ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ."

ಪೆನ್ನು ನನ್ನ ಕೈಯಲ್ಲೇ ಇತ್ತು. ಸಂತೋಷಕ್ಕೆ ನನ್ನ ಕಣ್ಣು ಒದ್ದೆಯಾಯಿತು. ಪೆನ್ನು ಮುಂದೆ ಚಾಚಿದೆ.

ರಿಮ್ಮಾ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು. "ಇನ್ನೂ ಎರಡು ಸೆಕೆಂಡು ಹಿಂದಿದ್ದೀರಿ, ಇನ್ನೊಕೆಂತಿ ಜೊಸಿಮೊವಿಚ್. ಹೀಗೆ ಸಿಕ್ಕಿಬಿಟ್ರೆ ನನ್ನ ಪ್ರಮೇಯದ ಮರ್ಯಾದೆ ಏನಾಗ್ಬೇಕು? ಏಳಿ."

"ಸಹಿ ಹಾಕ್ತೀನಿ ಅಂತಿದ್ದೀನಲ್ರೀ!"

"ಅಡ್ಡದಾರಿ ಸಹಿ ನಂಗ್ಬೇಡ. ಏಳಿ, ಓಡಿ."

"ಅವಳು ಹೇಳೋದು ಸರಿ," ಎಂದರು ಅವೆನೀರ್ ಲುಕಿಚ್.

ನಿರ್ದೇಶಕರು ಸ್ವಲ್ಪ ಯೋಚಿಸಿ, ಸರಿ ಎಂದು ಒಪ್ಪಿ ಎದ್ದರು. ಗಡಿಯಾರ ನಾಲ್ಕು ಹೊಡೆಯಿತು. ಟಪಾಲಿನ ಗಾಡಿ ಗೇಟು ದಾಟಿ ಹೋಯಿತು. ಅಂಗಳದಲ್ಲಿ ಯಾರೂ ಅತ್ತ ತಿರುಗಿ ನೋಡಲಿಲ್ಲ; ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಿರ್ದೇಶಕರು ಅರ್ಧ ಸೆಕೆಂಡು ಸುಧಾರಿಸಿದ್ದರು.