ಬೀಗರು ತೊಟ್ಟಿಲಿಗೆ ಬಣ್ಣ ಹಚ್ಚಿದ್ದು

ನಮ್ಮ ಬೀಗರ ಎದುರಿಗೆ ಬಹಳ ಹೊತ್ತು ಅಲುಗಾಡದೆ ಕೂಡಬೇಡಿ. ಬಣ್ಣ ಹಚ್ಚಿಬಿಡುತ್ತಾರೆ!

ನಗಬೇಡಿ, ಖರೆ ಹೇಳುತ್ತೇನೆ. ಬಂಕಾಪುರದ ಅವರ ಮನೆಗೆ ಹೋಗಿ ನೋಡಿ. ಬಾಗಿಲು ನೀಲಿ, ಕಿಟಕಿ ನೀಲಿ, ಕೊಡೆಯ ಹಿಡಿಕೆ ನೀಲಿ, ಕೂತು ಉಣ್ಣುವ ಮಣೆಯೂ ನೀಲಿ. ಯಾಕೆ ಎಲ್ಲಾ ನೀಲಿಯೇ ಎಂದು ಕೇಳಿದರೆ, "ನಮ್ಮೂರ ಕ್ವಾಟಿಯೊಳಗ ನವಿಲಾ ಅದಾವಲ್ರಿ, ಅವಕ್ಕ ಸಡ್ಡು ಹೊಡೀಬ್ಯಾಡೇನು?" ಎನ್ನುತ್ತಾರೆ. ಆ ನವಿಲುಗಳು ಕೋಟೆ ಬಿಟ್ಟು ಹೊರಗೆ ಬರದಿರುವುದು ಇವರ ಕುಂಚಕ್ಕೆ ಹೆದರಿಯೇ ಇರಬೇಕು!

ಒಮ್ಮೆ ರೇಡಿಯೋಕ್ಕೂ ಹಚ್ಚಿದರಂತೆ. ಹಚ್ಚುವ ಹುರುಪಿನಲ್ಲಿ ಮುಳ್ಳು ಓಡಾಡುವ ಗಾಜನ್ನೂ ಬಿಡಲಿಲ್ಲ. ಈಗ ಆ ಮನೆಯಲ್ಲಿ ಧಾರವಾಡ ಎಲ್ಲಿದೆ, ಸಿಲೋನ್ ಎಲ್ಲಿದೆ ಎಂದು ಕುರುಡರ ಹಾಗೆ ತಡಕಬೇಕು. ಸೈಕಲ್ಲಿನ ಗಂಟೆಗೆ ಹಚ್ಚಿದ ಮೇಲೆ ಅದರ ಬಾಯಿ ಕಟ್ಟಿಹೋಯಿತು. ಬೀಗರಿಗೇನು ತೊಂದರೆ? ಸಂತೆಯ ಗದ್ದಲದಲ್ಲಿ ತಾವೇ "ಟ್ರಿಣ್ ಟ್ರಿಣ್" ಎಂದು ಕೂಗುತ್ತಾ ಸೈಕಲ್ ಹೊಡೆಯುತ್ತಾರೆ.

ಅವರು ನಮ್ಮ ಮಗಳನ್ನು ನೋಡಲು ತಿಳವಳ್ಳಿಗೆ ಬಂದ ದಿನವೇ ನನಗೆ ಸಂಶಯ ಬರಬೇಕಿತ್ತು. ಹುಡುಗಿ ಅವಲಕ್ಕಿ ತಟ್ಟೆ ಹಿಡಿದು ನಿಂತಿದ್ದಾಳೆ. ಎಲ್ಲರೂ ಅವಳನ್ನು ನೋಡುತ್ತಿದ್ದರೆ ಇವರು ಮಾತ್ರ ಕತ್ತು ಹೊರಳಿಸಿ ಎಲ್ಲೋ ನೋಡುತ್ತಿದ್ದಾರೆ.

"ಹೆಂಗ್ರಿ, ಮನಸಿಗೆ ಬಂತೇನ್ರಿ?" ಎಂದು ನಮ್ಮ ಮನೆಯವರು ಕೇಳಿದರು.

"ಗಟ್ಟಿಮುಟ್ಟ ಐತ್ರಿ. ಆದ್ರ ಮೈಬಣ್ಣ ಭಾಳ ಕಂದೈತಿ. ಎರಡ ಕೈ ಹೊಡದ್ರ ಲಕಲಕ ಅಂತೈತಿ!"

ಮಗಳು ತಟ್ಟೆ ಅಲ್ಲೇ ಇಟ್ಟು ಒಳಗೆ ಓಡಿದಳು. ಅವರು ಹೇಳಿದ್ದು ನಮ್ಮ ತಲೆಬಾಗಿಲಿನ ಸುದ್ದಿ ಎಂದು ತಿಳಿಯುವಷ್ಟರಲ್ಲಿ ಅವಲಕ್ಕಿ ತಣ್ಣಗಾಗಿತ್ತು!

ಇಂಥವರ ಮಗನಿಗೇ ಮಗಳನ್ನು ಕೊಟ್ಟೆವು. ಚೊಚ್ಚಲ ಬಾಣಂತನಕ್ಕೆ ಅವಳು ನಮ್ಮ ಮನೆಗೆ ಬಂದಳು, ನನಗೆ ಮೊಮ್ಮಗಳು ಹುಟ್ಟಿದಳು. ಏನೆಂದು ಬರೆಯಲಿ! ನಾನು ಕಲಿತ ನಾಲ್ಕು ಅಕ್ಷರದಲ್ಲಿ ಅವಳ ಕಿರುಬೆರಳೂ ಹಿಡಿಸುವುದಿಲ್ಲ. ಅವಳು ಆಕಳಿಸಿದರೆ ಓಣಿಯವರನ್ನೆಲ್ಲ ಕರೆದು ತೋರಿಸುತ್ತಿದ್ದೆ. "ಸಾಕ ಮಾಡ ಬೇ ಯವ್ವಾ, ಕೂಸು ಆಕಳಿಸೇತಿ, ಲಾವಣಿ ಹಾಡಿಲ್ಲ!" ಎಂದು ಮಗಳು ಬೈಯುತ್ತಿದ್ದಳು.

ನನಗಿದ್ದದ್ದು ಒಂದೇ ಆಸೆ. ನಮ್ಮ ಅಟ್ಟದ ಮೇಲೆ ನನ್ನ ಅಜ್ಜಿಯ ಕಾಲದ ಕಲಘಟಗಿ ತೊಟ್ಟಿಲಿತ್ತು. ಮೈತುಂಬಾ ಗಿಳಿ, ಕಮಲ ಬರೆದದ್ದು. ಅದರಲ್ಲಿ ನಮ್ಮ ಅವ್ವ ಮಲಗಿದ್ದಳು, ನಾನು ಮಲಗಿದ್ದೆ, ನನ್ನ ಮಗಳು ಮಲಗಿದ್ದಳು. ಹೆಸರಿಡುವ ದಿನ ಮೊಮ್ಮಗಳೂ ಅದರಲ್ಲೇ ಮಲಗಬೇಕು. ಬೇರೆ ತೊಟ್ಟಿಲು ಬಂಗಾರದ್ದಾದರೂ ನನಗೆ ಬೇಡ!

ತೊಟ್ಟಿಲು ಇಳಿಸಿ ಧೂಳು ಒರೆಸುತ್ತಿದ್ದೆ, ಬೀಗರು ಮೊಮ್ಮಗಳನ್ನು ನೋಡಲು ಬಂದರು. ಒಂದು ಕೈಯಲ್ಲಿ ಕೂಸಿಗೆ ಕುಂಚಿಗೆ, ಇನ್ನೊಂದು ಕೈಯಲ್ಲಿ ಕುಂಚ!

"ಬೀಗ್ತ್ಯಾರ, ಏನ್ರಿ ಈ ತೊಟ್ಲಾ? ಬಾಣಂತಿಕಿಂತ ಇದ ಹೆಚ್ಚ ಸೊರಗೇತೆಲ್ಲ!"

"ಹಳೇದ ಐತ್ರಿ, ಹಂಗ ಇರಲಿ ಬಿಡ್ರಿ. ಬಣ್ಣ ಹಚ್ಚಿದ್ರ ನಮ್ಮ ಗಿಳಿ ಹೊಕ್ಕಾವು."

"ಗಿಳಿ ಹೋದ್ರ ನವಿಲಾ ಬರ್ತಾವು, ಚಿಂತಿ ಮಾಡಬ್ಯಾಡ್ರಿ!"

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ತೊಟ್ಟಿಲು ಅಂಗಳದಲ್ಲಿತ್ತು. ಎದುರಾಡುವುದು ಹೇಗೆ? ಮಗಳನ್ನು ಕೊಟ್ಟ ಮನೆಯವರು!

ಅಂಗಡಿಯ ಡಬ್ಬಿ ಬಣ್ಣ ಕೂಸಿಗೆ ಘಾಟು, ಪುಡಿ ಬಣ್ಣವನ್ನು ತಾವೇ ಎಣ್ಣೆಯಲ್ಲಿ ಕಲಸುವುದಾಗಿ ಹೇಳಿದರು. ನಮ್ಮ ಮನೆಯವರಿಗೆ ಅಂಗಳದಿಂದಲೇ ಕೂಗಿ ಹೇಳಿದರು: "ಬೀಗ್ರ, ಒಂದ ತಂಬಿಗಿ ಅಗಸಿ ಎಣ್ಣಿ ತರ್ರಿ!"

ಇವರು ತಂಬಿಗೆ ಹಿಡಿದು ಹೋದರು, ತುಂಬಿಸಿಕೊಂಡು ಬಂದರು. ಬೀಗರ ಮೂಗಿನಲ್ಲಿ ಸದಾ ನಶ್ಯ, ಬೇರೆ ವಾಸನೆಗೆ ಅಲ್ಲಿ ಜಾಗವೇ ಇಲ್ಲ. ಕಲಸಿದರು, ಬಳಿದರು, ದೂರ ನಿಂತು ನೋಡಿ ತಮಗೆ ತಾವೇ "ಭಲೇ!" ಎಂದರು. ಸಂಜೆಗೆ ಆರುತ್ತದೆ ಎಂದರು.

ಸಂಜೆಗೆ ಆರಲಿಲ್ಲ. ಮರುದಿನವೂ ಆರಲಿಲ್ಲ. ಬಿಸಿಲಿಗಿಟ್ಟರು, ಗಾಳಿಗಿಟ್ಟರು, ಪಕ್ಕದಲ್ಲಿ ಕೂತು ಬೀಸಣಿಕೆಯಿಂದ ಬೀಸಿದರು. ಕೂಸು ನೋಡಲು ಬಂದವರೆಲ್ಲ "ಆರೇತೇನ್ರಿ?" ಎಂದು ಒಂದೊಂದು ಬೆರಳು ಇಟ್ಟು ನೋಡುವವರೇ! ಬೆರಳು ಬಿದ್ದಲ್ಲಿ ಬೀಗರು ಮತ್ತೆ ಬಳಿಯುವವರೇ! ಓಣಿಯ ಜನರೆಲ್ಲ ಓಟು ಹಾಕಿ ಬಂದವರ ಹಾಗೆ ಬೆರಳು ನೀಲಿ ಮಾಡಿಕೊಂಡು ತಿರುಗಾಡಿದರು.

ಹೆಸರಿಡುವ ಹಿಂದಿನ ದಿನ ಮಧ್ಯಾಹ್ನ ನಾನು ತೊಟ್ಟಿಲ ಹತ್ತಿರ ಹೋದೆ. ಬಿಸಿಲಿಗೆ ಘಮ್ಮೆಂದು ವಾಸನೆ ಬಂತು. ಎಲ್ಲೋ ಮೂಸಿದ ವಾಸನೆ. ಎಲ್ಲೋ ಏನು, ನಮ್ಮ ಒಲೆಯ ಮುಂದೆಯೇ!

"ಬೀಗ್ರ, ಇದು ಶೇಂಗಾ ಎಣ್ಣಿ ಐತಲ್ರಿ! ಇದರಾಗ ಮೆಣಸಿನಕಾಯಿ ಬಿಟ್ರ ಭಜಿ ಏಳ್ತಾವು!"

ಬೀಗರು ಹೌಹಾರಿ ನಮ್ಮ ಮನೆಯವರ ಕಡೆ ತಿರುಗಿದರು. "ನಾ ಅಗಸಿ ಎಣ್ಣಿ ತರ್ರಿ ಅಂದಿದ್ನೆಲ್ರಿ?"

"ಅಗಸಿಂದನ ತಂದೇನ್ರಿ!" ಎಂದರು ಇವರು, ಎದೆ ಸೆಟೆಸಿ.

ತಪ್ಪು ಯಾರದೆಂದು ಹೇಳೋಣ? ನಮ್ಮ ಕಡೆ ಅಗಸೆ ಕಾಳಿಗೂ ಅಗಸಿ ಎನ್ನುತ್ತಾರೆ, ಊರ ಹೆಬ್ಬಾಗಿಲಿಗೂ ಅಗಸಿ ಎನ್ನುತ್ತಾರೆ. ಆ ಹೆಬ್ಬಾಗಿಲ ಬಗಲಿಗೇ ಎಣ್ಣೆಯ ಅಂಗಡಿ. ಬೀಗರು ಕೇಳಿದ್ದು ಕಾಳಿನ ಎಣ್ಣೆ, ಇವರು ತಂದದ್ದು ಬಾಗಿಲಿನ ಎಣ್ಣೆ! ಅಗಸೆ ಎಣ್ಣೆ ಗಟ್ಟಿಯಾಗಿ ಆರುತ್ತದೆ. ಶೇಂಗಾ ಎಣ್ಣೆ ಯಾವ ಜನ್ಮದಲ್ಲಿ ಆರೀತು?

ನನಗೆ ನಗು ಬರಲಿಲ್ಲ. ಅಡುಗೆಮನೆಯ ಮೂಲೆಗೆ ಹೋಗಿ ಕೂತೆ. ನಾಳೆ ಐದು ಓಣಿಯ ಹೆಂಗಸರು ಬರುತ್ತಾರೆ. ಜಿಬಿಜಿಬಿ ಎನ್ನುವ ತೊಟ್ಟಿಲಲ್ಲಿ ಕೂಸನ್ನು ಹಾಕುವುದು ಹೇಗೆ? ಅಜ್ಜಿಯ ತೊಟ್ಟಿಲು ನನ್ನ ಮೊಮ್ಮಗಳ ಪಾಲಿಗೆ ಇಲ್ಲದೇ ಹೋಯಿತಲ್ಲ ಎಂದು ಕಣ್ಣೀರು ಬಂತು.

"ಅಳಬ್ಯಾಡ. ಕೂಸು ನೀಲಿ ಆದ್ರ ನೀಲವ್ವ ಅಂತ ಹೆಸರಿಟ್ರಾತು" ಎಂದು ನಮ್ಮ ಮನೆಯವರು ಸಮಾಧಾನ ಮಾಡಲು ಬಂದರು. ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು. ನೋಡಿದರು, ಹೊರಗೆ ಹೋದರು. ಬೀಗರು ಮಾತ್ರ ಅಂಗಳದಲ್ಲಿ ತೊಟ್ಟಿಲ ಪಕ್ಕದಲ್ಲೇ ಕೂತುಬಿಟ್ಟರು. ಅವತ್ತು ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಬೆಳಗ್ಗೆ ಎದ್ದು ನೋಡುತ್ತೇನೆ, ಏನು ಹೇಳಲಿ! ಬಚ್ಚಲಲ್ಲಿ ನಮ್ಮ ದೊಡ್ಡವ್ವ ಕೂಸಿಗೆ ಎರೆಯುತ್ತಿದ್ದಾಳೆ, ಅಂಗಳದಲ್ಲಿ ಬೀಗರು ತೊಟ್ಟಿಲಿಗೆ ಎರೆಯುತ್ತಿದ್ದಾರೆ! ಕಚ್ಚೆ ಮೇಲೆ ಕಟ್ಟಿ, ಬುಟ್ಟಿಯ ತುಂಬ ಸೀಗೆಪುಡಿ ಇಟ್ಟುಕೊಂಡು, ಬಿಸಿನೀರು ಹಾಕಿ ಗಸಗಸ ತಿಕ್ಕುತ್ತಿದ್ದಾರೆ. ತಲೆಯ ಎಣ್ಣೆ ಬಿಡಿಸುವ ಸೀಗೆಗೆ ತೊಟ್ಟಿಲ ಎಣ್ಣೆ ಯಾವ ಲೆಕ್ಕ? ನೀಲಿ ನೀರು ಅಂಗಳದ ತುಂಬ ಹರಿಯಿತು. ಮೊದಲು ಒಂದು ಕೆಂಪು ಕೊಕ್ಕು ಕಂಡಿತು. ಆಮೇಲೆ ಕಣ್ಣು. ಆಮೇಲೆ ಪೂರಾ ಗಿಳಿ!

"ಬಂದ್ವು ನೋಡ್ರಿ ಬೀಗ್ತ್ಯಾರ, ನಿಮ್ಮ ಗಿಳಿ!" ಎಂದು ಬೀಗರು ಕೂಗಿದರು.

ನಿಜವಾದ ಅಗಸೆ ಎಣ್ಣೆ ತಂದಿದ್ದರೆ ಆ ಗಿಳಿಗಳು ಬಣ್ಣದ ಕೆಳಗೆ ಶಾಶ್ವತವಾಗಿ ಹೂತುಹೋಗುತ್ತಿದ್ದವು. "ನೋಡ, ನಾ ತಿಳದ ತಂದಿದ್ದು" ಎಂದು ನಮ್ಮ ಮನೆಯವರು ಮೀಸೆ ತಿರುವಿದರು. ಇರಲಿ, ಅಂಥ ದಿನ ಅದನ್ನೂ ಸಹಿಸಿಕೊಂಡೆ.

ಬಿಸಿಲು ಚುರುಕಾಗಿತ್ತು, ಸಂಜೆಯ ಹೊತ್ತಿಗೆ ತೊಟ್ಟಿಲು ಪೂರಾ ಒಣಗಿತು. ಪಡಸಾಲೆಯ ತೊಲೆಗೆ ತೂಗುಹಾಕಿದೆವು. ಹೆಂಗಸರು ಬಂದು ತುಂಬಿದರು. ನಾನು ಕೌದಿ ಹಾಸಲು ಬಗ್ಗಿದೆ. ಸಂದುಗೊಂದುಗಳಲ್ಲಿ ಇನ್ನೂ ನೀಲಿ ಉಳಿದಿತ್ತು. ಆದರೆ ಮೇಲಿನ ಪಟ್ಟಿಯ ಒಂದು ಕಡೆ ಮಾತ್ರ ನೀಲಿಯ ಸುಳಿವೇ ಇಲ್ಲ.

"ಇಲ್ಲಿ ಭಾಳ ಚೊಲೋ ತಿಕ್ಕೀರಿ ನೋಡ್ರಿ ಬೀಗ್ರ" ಎಂದೆ.

"ಅಲ್ಲಿ ನಾ ತಿಕ್ಕಿಲ್ರಿ. ಅಲ್ಲಿ ಬಣ್ಣಾನ ಹಚ್ಚಿದ್ದಿಲ್ಲ."

ಹಚ್ಚದೆ ಬಿಟ್ಟರೇ? ಇವರೇ? ಬಗ್ಗಿ ನೋಡಿದೆ. ಮರದಲ್ಲಿ ಸಣ್ಣ ಸಣ್ಣ ಕಚ್ಚುಗಳಿದ್ದವು.

"ಮೊದಲ ಇಲಿ ಕಡದೈತಿ ಅನ್ಕೊಂಡಿದ್ನಿ" ಎಂದರು ಬೀಗರು, ತಗ್ಗಿದ ದನಿಯಲ್ಲಿ. "ನಮ್ಮ ಸೊಸಿನ್ನ ಕೇಳಿದ್ನಿ. ಹಲ್ಲ ಬರೋ ಮುಂದ ತಾನ ಕಡದದ್ದಂತ. ತನ್ನ ಮನಿ ಬಿಟ್ಟ ನಮ್ಮ ಮನಿಗೆ ಬಂದ ಹುಡುಗಿ ಐತ್ರಿ. ಆಕಿ ಹಲ್ಲಿನ ಗುರ್ತಾ ಹೆಂಗ ಮುಚ್ಚಲಿ?"

ಮತ್ತೆ ಕೂಸಿನ ಕಡೆ ನೋಡಿ ತಲೆ ಕೆರೆದುಕೊಂಡರು.

"ಅದರ ಬಾಜೂಕ ಒಂದ ಗೇಣ ಜಾಸ್ತಿನ ಬಿಟ್ಟೇನ್ರಿ. ಈಕಿಗೂ ಹಲ್ಲ ಬರ್ತಾವಲ್ಲ."

ನಮ್ಮಲ್ಲಿ ತೊಟ್ಟಿಲ ಹಗ್ಗವನ್ನು ಮೊದಲು ಹಿಡಿಯುವವರು ಹೆಂಗಸರು. ಗಂಡಸರು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಾರೆ. ಕೂಸನ್ನು ಮಲಗಿಸಿ, ಮುತ್ತೈದೆಯರೆಲ್ಲ ನೋಡುತ್ತಿದ್ದ ಹಾಗೆಯೇ, ನಾನು ಹಗ್ಗವನ್ನು ಬೀಗರ ಕೈಗೆ ಕೊಟ್ಟೆ. ಏನೇನೋ ಹೇಳಬೇಕೆಂದಿದ್ದೆ.

"ತೂಗ್ರಿ" ಎಂದೆ, ಅಷ್ಟೆ.