ಹುಸೇನಬಿ ಚಾಚಿಯ ತತ್ತಿಗಳಿಗೆ ನಾನು ತಾಯಿಯಾದದ್ದು

ಇಪ್ಪತ್ತು ವರ್ಷ ಬನಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನಿಗೆ ಒಂದು ಕೋಳಿ ಮಾಡುವ ಕೆಲಸ ಬರುವುದಿಲ್ಲವೆಂದರೆ ಯಾರಾದರೂ ನಂಬುತ್ತಾರೆಯೇ? ನಾನಂತೂ ನಂಬಿರಲಿಲ್ಲ.

ಪಕ್ಕದ ಮನೆಯ ಹುಸೇನಬಿ ಚಾಚಿ ಮಗ್ಗ ನಡೆಸುವವರು. ಅವರ ಮುದ್ದಿನ ಕೋಳಿ ಹನ್ನೆರಡು ದಿನದಿಂದ ಕಾವಿಗೆ ಕೂತಿತ್ತು. ಒಂದು ಮುಂಜಾನೆ ನಾಯಿ ಅದನ್ನು ಎಳೆದೊಯ್ದಿತು. ಉಳಿದದ್ದು ಒಂಬತ್ತು ತತ್ತಿ. ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಚಾಚಿ ಅಂಗಳದಲ್ಲಿ ಅಳುತ್ತಿದ್ದರು.

"ಅಳಬ್ಯಾಡ್ರಿ ಚಾಚಿ. ತತ್ತಿ ನನ್ನ ಕೈಯಾಗ ಕೊಡ್ರಿ. ಒಂಬತ್ತು ದಿನಕ್ಕ ಒಂಬತ್ತು ಮರಿ ಎಣಿಸಿ ಕೊಡ್ತೀನಿ!"

ಹೆಂಡತಿ ಗಿರಿಜಾ ಬಾಗಿಲಲ್ಲೇ ತಡೆದಳು. "ಲಿಂಗಪೂಜಿ ಮಾಡೂ ಮನಿಯಾಗ ತತ್ತಿ ತರ್ತೀರೇನ್ರಿ?"

"ತಿನ್ನಾಕ ಅಲ್ಲ, ಮರಿ ಮಾಡಾಕ."

"ಹಂಗಾದ್ರ ಮರಿ ಆಗೂತನಾ ಒಳಗ ಬರಬ್ಯಾಡ್ರಿ. ತತ್ತಿಗಲ್ಲ, ನಿಮಗ ಹೇಳಾಕತ್ತೇನಿ!"

ದೀರ್ಘ ಮಾತುಕತೆಯ ನಂತರ ಹಿತ್ತಲ ಪಡಸಾಲೆ ಮಂಜೂರಾಯಿತು. ಥರ್ಮಾಕೋಲ್ ಡಬ್ಬಿ, ನಲವತ್ತು ವ್ಯಾಟಿನ ಬಲ್ಬು, ಥರ್ಮಾಮೀಟರು, ಶಾಲೆಯಿಂದ ತಂದ ತೇವಾಂಶ ಮಾಪಕ. ಶಾಖ ಸರಿಯಾಗಿ ಕೂತಿತು. ಆದರೆ ಐವತ್ತು ದಾಟಬೇಕಾದ ತೇವಾಂಶದ ಮುಳ್ಳು ಇಪ್ಪತ್ತರಲ್ಲೇ ಮಲಗಿತ್ತು. ನಮ್ಮೂರ ಬೇಸಿಗೆಯಲ್ಲಿ ಬಾಯಿ ತೆರೆದರೆ ನಾಲಿಗೆಯೇ ಹಪ್ಪಳವಾಗುತ್ತದೆ!

ಚಾಚಿ ಇಣುಕಿ ನೋಡಿದರು. "ಹವಾ ಒಣಗೈತ್ರಿ ಮಾಸ್ತರ್ರ. ಮಗ್ಗದಾಗೂ ಹಿಂಗಾದ್ರ ನೂಲು ಪಟಪಟ ಹರೀತೈತಿ. ಒಂದು ಬಟ್ಟಲ ನೀರ ಇಡ್ರಿ, ಸಾಕು."

ಒಂದು ಬಟ್ಟಲು! ಬಿ.ಎಸ್ಸಿ. ಓದಿದವನಿಗೆ! ನಾನು ನಾಲ್ಕು ಬಟ್ಟಲು ಇಟ್ಟೆ. ಒಳಗೆ ಒದ್ದೆ ಟವೆಲ್ಲು ತೂಗುಹಾಕಿದೆ. ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ. ಮುಳ್ಳು ತೊಂಬತ್ತಕ್ಕೆ ಜಿಗಿಯಿತು. ಮುಚ್ಚಳದಿಂದ ನೀರು ತೊಟ್ಟಿಕ್ಕಿ ಒಂದು ಹನಿ ಕಾದ ಬಲ್ಬಿನ ಮೇಲೆ ಬಿತ್ತು.

ಢಬ್!

ಬಲ್ಬು ಹೋಯಿತು, ಮನೆಯ ಫ್ಯೂಸು ಹೋಯಿತು, ಗಾಜು ಬಡಿದು ಎರಡು ತತ್ತಿಯೂ ಹೋದವು. ಚಾಚಿಗೆ ಮುಖ ತೋರಿಸಲಾಗದೆ ನಾನು ಎರಡು ದಿನ ಹಿತ್ತಲ ಬಾಗಿಲಿನಿಂದ ಶಾಲೆಗೆ ಹೋದೆ.

ಆದರೆ ಬಲ್ಬು ಒಡೆದ ಗಳಿಗೆಯಲ್ಲೇ ನನಗೆ ಜ್ಞಾನೋದಯವಾಗಿತ್ತು. ಮನೆಯಲ್ಲಿ ಸದಾ ತೇವವಿರುವ ಜಾಗ ಬಚ್ಚಲು! ಹೊಸ ಬಲ್ಬು ಹಾಕಿ, ಡಬ್ಬಿಯನ್ನು ಅಲ್ಲಿಗೆ ಸಾಗಿಸಿ, ಹಂಡೆಯಲ್ಲಿ ನೀರು ಕುದಿಯಲು ಇಟ್ಟೆ. ಮನೆಮಂದಿಯ ಸ್ನಾನ ಹಿತ್ತಲಿಗೆ ವರ್ಗಾವಣೆಯಾಯಿತು.

ಆರನೆಯ ದಿನ ಸಾವಳಗಿಯಿಂದ ಮಾವನವರು ಬಂದರು. ಬಸ್ಸಿನ ಧೂಳು ತೊಳೆಯಲು ನೇರ ಬಚ್ಚಲಿಗೇ ಹೊರಟರು. ನಾನು ಅಡ್ಡ ನಿಂತೆ.

"ಬ್ಯಾಡ್ರಿ ಮಾವಾರ! ಅದು ಈಗ ಬಾಣಂತಿ ಖೋಲಿ!"

ಮಾವನವರ ಮುಖ ಅರಳಿತು. "ನಮ್ಮ ಗಿರಿಜಾ ಒಂದ್ ಮಾತ ಹೇಳ್ಲಿಲ್ಲಲ್ರಿ! ಯಾವಾಗ ಅಳಿಯಂದ್ರ?"

"ಇನ್ನ ಮೂರ ದಿನರಿ. ಏಳು ಅದಾವು."

ಮಾವನವರು ಗೋಡೆ ಹಿಡಿದು ಹಾಗೇ ಕೆಳಗೆ ಕೂತರು. ನಲವತ್ತಾರು ವರ್ಷದ ಗಿರಿಜಾ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದೇ ಹೊರಬಂದಳು. ಮುಂದಿನದನ್ನು ಬರೆಯುವಂತಿಲ್ಲ.

ಕೊನೆಯ ಮೂರು ದಿನ ಬಹಳ ನಾಜೂಕು. ತೇವ ಇನ್ನೂ ಹೆಚ್ಚಿರಬೇಕು, ಮುಚ್ಚಳ ತೆಗೆಯಲೇಬಾರದು. ತೇವ ಆರಿದರೆ ಮರಿ ಪೊರೆಗೆ ಅಂಟಿಕೊಂಡು ಒಳಗೇ ಸಾಯುತ್ತದೆ. ಇದೆಲ್ಲ ನನಗೆ ಬಾಯಿಪಾಠವಿತ್ತು. ಆದ್ದರಿಂದಲೇ, ತೇವ ಆರಿಲ್ಲವಷ್ಟೇ ಎಂದು ನೋಡಲು ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆಯತೊಡಗಿದೆ!

ಗಿರಿಜಾ ನನ್ನ ಕೈಚೀಲಕ್ಕೆ ಎರಡು ಅಂಗಿ ತುರುಕಿದಳು. "ಅಪ್ಪಾ, ಇವರ್ನ ಮೂರ ದಿನ ನಿಮ್ಮ ಕೂಡ ಕರ್ಕೊಂಡ ಹೋಗ್ರಿ. ಪಾಪ, ಆ ಜೀವ ಉಳೀಲಿ."

ಯಾವ ಜೀವ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮಾವನ ಮನೆಯಲ್ಲಿ ಹೋಳಿಗೆ ಬಡಿಸಿದರೂ ನಾನು ಗಡಿಯಾರವನ್ನೇ ನೋಡುತ್ತಿದ್ದೆ. ಕಣ್ಣು ಮುಚ್ಚಿದರೆ ಅದೇ ಮುಳ್ಳು! ನಾಲ್ಕನೆಯ ದಿನ ಓಡೋಡಿ ಬಂದರೆ ಬಚ್ಚಲಿನಿಂದ ಚಿಂವ್ ಚಿಂವ್ ಸದ್ದು. ಏಳರಲ್ಲಿ ಆರು! ಗಿರಿಜಾಳೇ ಒಂದು ಮರಿಯನ್ನು ಬೊಗಸೆಯಲ್ಲಿ ಹಿಡಿದು ಚಾಚಿಯ ಪಕ್ಕ ಕೂತಿದ್ದಳು. ನನ್ನ ಕಣ್ಣು ತುಂಬಿ ಬಂತು.

"ಏನ ಮಾಡಿದ್ರಿ ಚಾಚಿ?"

"ಒಂದು ಬಟ್ಟಲ ನೀರ ಇಟ್ಟು, ಮುಚ್ಚಳದ ಮ್ಯಾಲ ಕಲ್ಲ ಹೇರಿದ್ವಿ," ಚಾಚಿ ನಕ್ಕರು. "ನೀವು ಇರಲಿಲ್ಲಲ್ರಿ, ಛಲೋ ಆತು."

ಸೋಮವಾರ ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ತತ್ತಿಗೆ ತೇವಾಂಶ ಹೆಂಗ ಕಾಪಾಡಬೇಕ್ರಿ?"

"ತಿಳಿದವರು ಊರು ಬಿಟ್ಟು ಹೋಗಬೇಕು," ಎಂದೆ.

ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೇಳಿದಳು, "ಇದು ಎಷ್ಟು ಮಾರ್ಕ್ಸಿಗೆ ಬರತೈತ್ರಿ ಸರ್?"