ಹಂದಿ ನಕ್ಕರೆ ರಾಕೆಟ್ ಹಾರುತ್ತೆ

ಈ ಸಲದ ಹಂದಿ ತಲೆ ನನ್ನ ಜವಾಬ್ದಾರಿ ಎಂದು ಪ್ಯೋ ಇನ್-ಸು ತುಂಬಿದ ಸಭೆಯಲ್ಲಿ ಎದೆ ತಟ್ಟಿ ಹೇಳಿಬಿಟ್ಟ. ತಾನು ತರುವ ಹಂದಿ ಕಿವಿಯಿಂದ ಕಿವಿಯವರೆಗೆ ನಗುತ್ತಿರುತ್ತದೆ, ಅದನ್ನು ಕಂಡು ರಾಕೆಟ್ಟೂ ನಗುನಗುತ್ತಾ ಮೇಲೇರುತ್ತದೆ, ಏರದಿದ್ದರೆ ತನ್ನ ಹೆಸರು ಬದಲಾಯಿಸಿ ಎಂದೂ ಸೇರಿಸಿದ. ಹಂದಿಗೂ ರಾಕೆಟ್ಟಿಗೂ ಏನಪ್ಪಾ ಸಂಬಂಧ ಎಂದು ಗೋಹಂಗ್ ಊರಿನಲ್ಲಿ ಯಾರೂ ಕೇಳುವುದಿಲ್ಲ. ಕೊರಿಯಾದ ಆ ಕಡಲ ತೀರದಲ್ಲಿ ಹೊಸ ದೋಣಿ ನೀರಿಗಿಳಿಸಲಿ, ಹೊಸ ಅಂಗಡಿ ತೆರೆಯಲಿ, ಮೇಜಿನ ಮೇಲೆ ಬೇಯಿಸಿದ ಹಂದಿ ತಲೆ ಇಟ್ಟು, ಅಕ್ಕಿಯ ಹೆಂಡ ಸುರಿದು, ಅಡ್ಡಬಿದ್ದು, ಅದರ ಬಾಯಿಗೆ ಕಾಣಿಕೆಯ ಲಕೋಟೆ ಸಿಕ್ಕಿಸಿಯೇ ಮುಂದಿನ ಕೆಲಸ. ರಾಕೆಟ್ಟಿಗೆ ಮಾತ್ರ ಯಾಕೆ ಬೇರೆ ನ್ಯಾಯ?

ಇನ್-ಸು ಕೆಲಸ ಮಾಡುತ್ತಿದ್ದದ್ದು ಒಂದು ಪುಟ್ಟ ಖಾಸಗಿ ರಾಕೆಟ್ ಕಂಪನಿಯಲ್ಲಿ. ಲೋಕದ ದೊಡ್ಡ ದೊಡ್ಡ ಕಂಪನಿಗಳು ಹಾರಿಸಿದ ರಾಕೆಟ್ಟನ್ನೇ ವಾಪಸು ಕರೆಸಿ ನೆಟ್ಟಗೆ ನಿಲ್ಲಿಸುತ್ತಿರುವ ಈ ಕಾಲದಲ್ಲಿ, ಇವರದು ಒಮ್ಮೆ ಮೇಲಕ್ಕೆ ಹೋದರೆ ಸಾಕಪ್ಪಾ ಎನ್ನುವ ಸ್ಥಿತಿ. ಮೊದಲನೆಯದು ನಿಂತಲ್ಲೇ ಹೊಗೆಯುಗುಳಿ ಸುಮ್ಮನಾಯಿತು. ಎರಡನೆಯದು ಎದ್ದಿತು. ಚಪ್ಪಾಳೆ ತಟ್ಟಲೆಂದು ಎಲ್ಲರೂ ಕೈ ಎತ್ತಿದರು, ಎತ್ತಿದ ಕೈಯನ್ನು ಹಾಗೇ ತಲೆಯ ಮೇಲೆ ಹೊತ್ತುಕೊಂಡರು, ಏಕೆಂದರೆ ಅಷ್ಟರಲ್ಲಿ ಅದು ಸಮುದ್ರಕ್ಕೆ ಬಿದ್ದಾಗಿತ್ತು. ತನಿಖೆ ನಡೆಯಿತು. ಇಂಧನದ ವಾಲ್ವ್ ಮೇಲೆ ಅನುಮಾನ ಇದೆ, ಆದರೆ ಖಚಿತವಾಗಿ ಹೇಳಲಾಗದು ಎಂದು ತನಿಖೆಯವರು ಕೈ ತೊಳೆದುಕೊಂಡರು. ಆ ವಾಲ್ವ್ ಇನ್-ಸುವಿನ ಕೈಕೂಸು.

ಖಚಿತವಾಗಿ ಹೇಳಲಾಗದು ಎಂಬ ಆ ಸಣ್ಣ ಸಂದಿಯಲ್ಲೇ ಇನ್-ಸು ತಲೆ ತೂರಿಸಿದ. ಹೋದ ಸಲದ ಪೂಜೆಯ ಫೋಟೋ ಎಲ್ಲರಿಗೂ ತೋರಿಸಿದ. ಲೆಕ್ಕದ ವಿಭಾಗದವರು ತಂದಿದ್ದ ಹಂದಿ ನಿಜಕ್ಕೂ ಮುಖ ಊದಿಸಿಕೊಂಡು ಕೂತಿತ್ತು. ಇಂಥ ಸಿಡುಕು ಮೋರೆಗೆ ಅಡ್ಡಬಿದ್ದು ಹೊರಟ ರಾಕೆಟ್ ಬೀಳದೆ ಇನ್ನೇನು ಮಾಡೀತು ಎಂದು ಕಾರಿಡಾರಿನಲ್ಲಿ, ಕ್ಯಾಂಟೀನಿನಲ್ಲಿ, ಲಿಫ್ಟಿನಲ್ಲಿ ಹೇಳುತ್ತಾ ಬಂದ. ಮೊದಲು ತಮಾಷೆಯಾಗಿ ಹೇಳಿದ. ಜನ ತಲೆಯಾಡಿಸತೊಡಗಿದ ಮೇಲೆ ಗಂಭೀರವಾಗಿಯೇ ಹೇಳಿದ. ಕೊನೆಕೊನೆಗೆ ತಾನೇ ನಂಬಿಬಿಟ್ಟ, ಪುಣ್ಯಾತ್ಮ.

ನಿರ್ದೇಶಕಿ ತಾಕ್ ಮೇಡಂ ಮಾತ್ರ ನಂಬಲೂ ಇಲ್ಲ, ಬಿಡಲೂ ಇಲ್ಲ. ಅನುಮಾನದ ಲಾಭ ಒಂದು ಸಲಕ್ಕೆ ಮಾತ್ರ ಎಂದರು. ತಪ್ಪು ವಾಲ್ವಿನದೇ ಎಂದು ಗೊತ್ತಾದ ದಿನ ವಾಲ್ವಿನ ಕೆಲಸ ಹೊರಗಿನವರಿಗೆ ಹೋಗುತ್ತದೆ, ಇನ್-ಸು ಗುಡ್ಡದ ಮೇಲಿನ ವೀಕ್ಷಣಾ ಕೇಂದ್ರದಲ್ಲಿ ಶಾಲಾ ಮಕ್ಕಳಿಗೆ ಟೋಪಿ ಹಂಚಿಕೊಂಡಿರಬೇಕಾಗುತ್ತದೆ. ಹೀಗಾಗಿ ಹಂದಿಯ ನಗು ಇನ್-ಸುವಿಗೆ ಅನ್ನದ ಪ್ರಶ್ನೆಯಾಗಿತ್ತು.

ಪೂಜೆಯ ಹಿಂದಿನ ದಿನ ಬೆಳಗ್ಗೆಯೇ ಅವನು ಸಂತೆಗೆ ಹೋದ. ಹಂಡೆಯಲ್ಲಿ ಬೇಯುವಾಗ ಕೆಲವು ತಲೆಗಳು ನಗುತ್ತವೆ, ಕೆಲವು ಮುನಿಸಿಕೊಳ್ಳುತ್ತವೆ, ಅದು ಅವರವರ ಹಣೆಬರಹ. ಇನ್-ಸು ಸೊಸೆ ನೋಡಲು ಹೋದವನಂತೆ ಒಂದೊಂದನ್ನೂ ಬೆಳಕಿಗೆ ತಿರುಗಿಸಿ, ಹಿಂದೆ ಸರಿದು, ಓರೆಯಿಂದ ನೋಡಿದ. ಮೂಲೆಯಲ್ಲಿದ್ದ ಒಂದನ್ನಂತೂ, ಇದನ್ನು ಅಂಗಡಿಯಲ್ಲಿ ಇಟ್ಟುಕೊಂಡರೆ ವ್ಯಾಪಾರವೇ ಆಗದು ಎಂದು ಮಾಂಸದಂಗಡಿಯ ಅಜ್ಜಿಗೆ ಬುದ್ಧಿ ಹೇಳಿ ಪಕ್ಕಕ್ಕೆ ತಳ್ಳಿದ. ಕೊನೆಗೆ ಸಿಕ್ಕಿತು ಒಂದು ರತ್ನ! ಕಣ್ಣು ಅರೆಮುಚ್ಚಿ, ಕೆನ್ನೆ ಉಬ್ಬಿಸಿ, ಮಗನ ಮದುವೆ ನಿಶ್ಚಯವಾದವರ ಹಾಗೆ ನಗುತ್ತಿತ್ತು. ಅದನ್ನು ಮನೆಗೆ ತಂದು, ಫ್ರಿಜ್ಜಿನೊಳಗಿನ ಕಿಮ್ಚಿ ಉಪ್ಪಿನಕಾಯಿಯ ಡಬ್ಬಿಗಳನ್ನೆಲ್ಲ ಬಾಲ್ಕನಿಗೆ ಗಡೀಪಾರು ಮಾಡಿ, ಒಳಗೆ ಪ್ರತಿಷ್ಠಾಪಿಸಿ, ನಿಶ್ಚಿಂತೆಯಿಂದ ಆಫೀಸಿಗೆ ಹೋದ. ಹೆಂಡತಿ ಯೋನ್-ಜು ಆಗಲೇ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿದ್ದದ್ದು ಹಿಂದಿನ ಸಂಜೆಯಷ್ಟೇ ಊರಿಂದ ಬಂದು, ಇನ್ನೂ ಮಲಗಿದ್ದ ಅತ್ತೆ. ಮಲಗಿದ ಹಿರಿಯರನ್ನು ಎಬ್ಬಿಸಿ ಹಂದಿಯ ವಿಷಯ ಹೇಳುವುದು ಸರಿಯಲ್ಲ ಎಂದುಕೊಂಡ. ಅವನ ಜೀವನದ ಅತಿ ದುಬಾರಿ ಮರ್ಯಾದೆ ಅದು.

ಸಂಜೆ ಮನೆಗೆ ಬಂದರೆ ಮೆಟ್ಟಿಲಲ್ಲೇ ಘಮಘಮ. ಒಳಗೆ ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ಸಾಲಾಗಿ ಕೂತು ಬಿಸಿ ಸಾರಿಗೆ ಅನ್ನ ಹಾಕಿಕೊಂಡು ಸೊರ್ರನೆ ಸುರಿಯುತ್ತಿದ್ದರು. ನಡುವೆ ದೊಡ್ಡ ತಟ್ಟೆಯಲ್ಲಿ ತೆಳ್ಳಗೆ ಹೆಚ್ಚಿದ ಮಾಂಸ. ಅತ್ತೆ ಎದ್ದು ಬಂದವರೇ ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿ ಬಂದಿತ್ತು.

"ಅಳಿಯಂದ್ರೇ, ಹೋದ ವರ್ಷ ಫೋನಲ್ಲಿ ಸುಮ್ನೆ ಬಾಯ್ತಪ್ಪಿ ಹೇಳಿದ್ದೆ, ತಲೆಮಾಂಸದ ಸಾರು ತಿಂದು ಎಷ್ಟ್ ಕಾಲ ಆಯ್ತೋ ಅಂತ. ನೀವು ನೆನಪಿಟ್ಕೊಂಡು ತಂದಿಟ್ಟಿದ್ದೀರಲ್ಲ. ಹೆತ್ತ ಮಗಳಿಗೇ ನೆನಪಿರ್ಲಿಲ್ಲ."

ಮದುವೆಯಾದಾಗಿನಿಂದ ಇನ್-ಸು ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿದವನಲ್ಲ. ರಾಕೆಟ್ ಬಿದ್ದ ಮೇಲಂತೂ ಅವರು ಅವನ ಕೆಲಸದ ಸುದ್ದಿ ಎತ್ತಿದರೆ ಟೀವಿ ದನಿ ಜೋರು ಮಾಡುತ್ತಿದ್ದರು. ಈಗ ನೆರೆಹೊರೆಯವರ ಮುಂದೆ ಅಳಿಯ ಎಂದರೆ ಇವನು ಎಂದು ಹೊಗಳುತ್ತಿದ್ದಾರೆ! ನಿಜ ಹೇಳಲು ಅವನ ನಾಲಿಗೆ ಏಳಲಿಲ್ಲ. ಅಯ್ಯೋ ಅದರಲ್ಲೇನಿದೆ ಅತ್ತೆ ಎಂದು ಗೊಣಗಿ, ಅವರು ತುತ್ತು ಮಾಡಿ ಬಾಯಿಗಿಟ್ಟ ಕೆನ್ನೆಯ ಮಾಂಸವನ್ನು ನುಂಗಿದ. ನಗುತ್ತಿದ್ದ ಕೆನ್ನೆ ಅದೇ. ರುಚಿಯಾಗಿತ್ತು ಎಂಬುದು ಅವನನ್ನು ಇನ್ನಷ್ಟು ಸಂಕಟಕ್ಕೆ ದೂಡಿತು.

ಆಗಷ್ಟೇ ಕೆಲಸದಿಂದ ಬಂದ ಯೋನ್-ಜುವನ್ನು ಅಡುಗೆಮನೆಗೆ ಎಳೆದು ವಿಷಯ ಹೇಳಿದ. ಅವಳು ಸೆರಗಿಲ್ಲದ ಕಾರಣ ಅಂಗೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಇನ್-ಸು ಪಾತ್ರೆಯಿಂದ ಬುರುಡೆ ಎತ್ತಿ ತೋರಿಸಿ, ಮಾಂಸ ಇಲ್ಲದಿದ್ದರೇನಂತೆ, ಹಲ್ಲೆಲ್ಲ ಕಾಣ್ತಿದೆ, ಇದೂ ನಗುವೇ ತಾನೇ ಎಂದ.

"ರೀ, ಅದನ್ನ ಕೆಳಗಿಡಿ," ಎಂದಳು ಯೋನ್-ಜು. "ಅದನ್ನ ನೋಡಿದ್ರೆ ರಾಕೆಟ್ ಅಲ್ಲ, ನಿಮ್ ಆಫೀಸಿನವ್ರೇ ಹಾರಿ ಹೋಗ್ತಾರೆ."

ಅವಳೇ ಮಾಂಸದಂಗಡಿಯ ಅಜ್ಜಿಗೆ ಫೋನ್ ಮಾಡಿದಳು. ಎಲ್ಲವೂ ಖರ್ಚಾಗಿವೆ, ಒಂದು ಉಳಿದಿದೆ, ಬೆಳಗ್ಗೆ ಒಬ್ಬ ದೊಡ್ಡ ಮನುಷ್ಯ ಬೈದು ಪಕ್ಕಕ್ಕೆ ತಳ್ಳಿದ್ದು ಎಂದಳು ಅಜ್ಜಿ. ದೊಡ್ಡ ಮನುಷ್ಯ ತಲೆ ತಗ್ಗಿಸಿಕೊಂಡು ಹೋಗಿ ಅದನ್ನೇ ತಂದ. ದೇವರೇ, ಎಂಥ ಮುಖ! ಹುಬ್ಬು ಗಂಟು, ತುಟಿಯ ತುದಿ ಜೋತು, ಲೋಕದ ಮೇಲೆಲ್ಲ ಕೇಸು ಹಾಕಲು ಹೊರಟಂತಿತ್ತು.

ಆದರೆ ಇನ್-ಸು ಎಂಜಿನಿಯರ್ ಅಲ್ಲವೇ! ಹಳೆಯ ವಾಲ್ವಿನ ಒಂದು ಸ್ಪ್ರಿಂಗ್ ತೆಗೆದು, ಬಾಯಿಯ ಒಳಗೆ ಅಡ್ಡಕ್ಕೆ ಕೂರಿಸಿ, ತುಟಿಯ ಎರಡು ತುದಿಗಳನ್ನು ಮೇಲಕ್ಕೆ ಒತ್ತಿ ನಿಲ್ಲಿಸಿದ. ಹಂದಿ ನಕ್ಕಿತು. ಪೊಲೀಸರ ಮುಂದೆ ನಗುವವರ ನಗು ಅದು, ಆದರೂ ನಗುವೇ. ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ನೋಡಿದ್ಯಾ ತಾಂತ್ರಿಕತೆ ಅಂದ್ರೆ ಇದು ಕಣೆ ಎಂದು ಹೆಂಡತಿಗೆ ಹೇಳಿದ.

ಮರುದಿನದ ಪೂಜೆ ಚೆನ್ನಾಗಿಯೇ ಶುರುವಾಯಿತು. ಹಂದಿಯ ನಗು ಕಂಡು ಜನ ಮೆಚ್ಚಿಕೊಂಡರು. ಇನ್-ಸು ಸಾಲಿನ ಮುಂದೆಯೇ ನಿಂತು ಬೀಗಿದ. ತಾಕ್ ಮೇಡಂ ಅಡ್ಡಬಿದ್ದು ಎದ್ದರು, ಲಕೋಟೆ ತೆಗೆದು ಹಂದಿಯ ಬಾಯಿಗೆ ಸಿಕ್ಕಿಸಿದರು. ಟಿಂಗ್! ಏನೋ ಹೊಳೆದು ಮೇಲಕ್ಕೆ ಚಿಮ್ಮಿ, ಸೂರಿಗೆ ಬಡಿದು, ಹೆಂಡದ ಬಟ್ಟಲಿಗೆ ಬಿತ್ತು. ಆ ಕಂಪನಿಯಿಂದ ಅಷ್ಟು ನೆಟ್ಟಗೆ ಮೇಲೆ ಹೋದ ಮೊದಲ ವಸ್ತು ಅದೇ. ಎಲ್ಲರ ಕಣ್ಣೆದುರಲ್ಲೇ ಹಂದಿಯ ತುಟಿ ನಿಧಾನವಾಗಿ ಜೋತುಬಿತ್ತು.

ಮೇಡಂ ಬಟ್ಟಲಿಗೆ ಬೆರಳು ಹಾಕಿ ಸ್ಪ್ರಿಂಗ್ ಎತ್ತಿ ಹಿಡಿದರು. ಹೆಂಡ ತೊಟ್ಟಿಕ್ಕುತ್ತಿತ್ತು.

"ಇದೂ ನಿಮ್ ವಾಲ್ವಿಂದೇನಾ?"

ಇನ್-ಸು ಅತ್ತೆಯ ಸಾರಿನಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿಬಿಟ್ಟ. ಯಾರೂ ನಗಲಿಲ್ಲ. ಅವನೇ ಹಬ್ಬಿಸಿದ ನಂಬಿಕೆ ಅಷ್ಟು ಬೇರುಬಿಟ್ಟಿತ್ತು. ಇನ್ನೊಂದು ಹಂದಿ ಹುಡುಕಲು ಸಮಯವಿರಲಿಲ್ಲ. ಮರುದಿನವೇ ಉಡಾವಣೆ, ಗಾಳಿ ಹದವಾಗಿತ್ತು, ಕಡಲಪಾಚಿಯ ಬೆಳೆ ನೋಡಿಕೊಳ್ಳುವ ಪುಟ್ಟ ಉಪಗ್ರಹ ರಾಕೆಟ್ಟಿನ ಮೂತಿಯಲ್ಲಿ ಕೂತಾಗಿತ್ತು. ಉಳಿದವರು ಒಬ್ಬೊಬ್ಬರಾಗಿ ಸಿಡುಕು ಮೋರೆಗೇ ಅಡ್ಡಬಿದ್ದರು. ಏಳುವಾಗ ಒಬ್ಬೊಬ್ಬರೂ ಇನ್-ಸು ಕಡೆ ಒಂದು ನೋಟ ಎಸೆದೇ ಎದ್ದರು.

ಉಡಾವಣೆಯ ಹೊತ್ತಿಗೆ ಇನ್-ಸು ವಾಲ್ವಿನ ಅಂಕಿ ತೋರಿಸುವ ಪರದೆಗೆ ಮೂಗು ತಾಗಿಸಿ ಕೂತಿದ್ದ. ಬಿದ್ದರೆ ಹಂದಿಯ ಮೇಲೆ ಹಾಕುವ ಹಾಗಿಲ್ಲ, ಹಂದಿ ತಂದವನೂ ತಾನೇ. ಎಣಿಕೆ ಮುಗಿಯಿತು. ಬೆಂಕಿ ಹೊತ್ತಿತು. ರಾಕೆಟ್ ಎದ್ದಿತು, ಕಳೆದ ಸಲ ಬಿದ್ದ ಎತ್ತರ ದಾಟಿತು, ಮೋಡ ದಾಟಿತು, ಉಪಗ್ರಹವನ್ನು ಅದರ ದಾರಿಗೆ ಬಿಟ್ಟಿತು. ನಿಯಂತ್ರಣ ಕೊಠಡಿಯಲ್ಲಿ ದೊಡ್ಡವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಇನ್-ಸು ಎಲ್ಲರಿಗಿಂತ ಜೋರಾಗಿ ಅತ್ತ, ಆ ಅಳು ಸಾಚಾ ಅಳು.

ಎಲ್ಲರೂ ತಮ್ಮ ಮನೆಯವರು ಕಾಯುತ್ತಿದ್ದ ಗುಡ್ಡಕ್ಕೆ ಓಡಿದರು. ಅಲ್ಲಿ ಅತ್ತೆಯೂ ಯೋನ್-ಜುವೂ ನಿಂತಿದ್ದರು. ಯಾರೋ ಇನ್-ಸುವನ್ನು ಹೆಗಲ ಮೇಲೆ ಎತ್ತಿಕೊಂಡರು. ತಾಕ್ ಮೇಡಂ ಕೂಡ ನಗುತ್ತಾ, ಕೊನೆಗೂ ಹಂದಿ ಮನಸ್ಸು ಮಾಡಿತಲ್ಲ ಎಂದರು. ಹೆಗಲ ಮೇಲಿದ್ದ ಮನುಷ್ಯನಿಗೆ ಅದು ತಡೆಯಲಿಲ್ಲ.

"ಹಂದಿ ಏನ್ ಮಾಡುತ್ತೆ ಮೇಡಂ! ಬೆಂದ ತಲೆ ಅದು. ನಕ್ರೂ ಅಷ್ಟೇ, ಅತ್ರೂ ಅಷ್ಟೇ. ಹಾರೋದು ಬೀಳೋದು ಎಲ್ಲಾ ವಾಲ್ವ್ ಕೈಲಿರೋದು. ನನ್ ವಾಲ್ವ್!"

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಅತ್ತೆ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದರು. ಅಳಿಯನ ಮಾತನ್ನು ಪೂರ್ತಿ ಗಮನವಿಟ್ಟು ಕೇಳಿದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಚಪ್ಪಾಳೆ ನಿಂತ ಮೇಲೆ, ತಿಳಿದುಕೊಳ್ಳುವ ಆಸೆಯಿಂದ, ಬಹಳ ಅಕ್ಕರೆಯಿಂದ ಕೇಳಿದರು:

"ಹಾಗಾದ್ರೆ ಅಳಿಯಂದ್ರೇ, ಹೋದ ಸಲ ಯಾಕೆ ಬಿತ್ತು?"

ಯೋನ್-ಜು ತನ್ನ ಚಪ್ಪಲಿಯನ್ನೇ ನೋಡುತ್ತಾ ನಿಂತಳು. ಹೊತ್ತವರು ಇನ್-ಸುವನ್ನು ಮೆಲ್ಲಗೆ ನೆಲಕ್ಕಿಳಿಸಿದರು.

"ನಾಳೆ ಬೆಳಗ್ಗೆ ನನ್ ರೂಮಿಗೆ ಬನ್ನಿ," ಎಂದರು ತಾಕ್ ಮೇಡಂ. "ಹಂದಿನ ಕರ್ಕೊಂಡ್ ಬರ್ಬೇಡಿ. ಒಬ್ರೇ ಬನ್ನಿ."